ಕಾಡು ನೋಡುವವರು, ಕಾಡಿನ ಅಂಚಿನವರು



2025ರ ನವೆಂಬರ್ ತಿಂಗಳಲ್ಲಿ ಬಂಡೀಪುರ ಮತ್ತು ನಾಗರಹೊಳೆ ರಾಷ್ಟ್ರೀಯ ಉದ್ಯಾನಗಳಲ್ಲಿ ಸಫಾರಿ ನಿಲ್ಲಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದ ದಿನ ನಾನು ಮನಗೂಳಿಯ ವಾಚನಾಲಯದಲ್ಲಿದ್ದೆ. ಹಿಂಗಾರಿ ಕಡಲೆಗೆ ಬೀಳುವ ಕಾಯಿಕೊರಕ ಹುಳದ ಹತೋಟಿ ಹೇಳಲು ಹೋದವನು ನಾನು. ಆದರೆ ಮಾತು ಹುಲಿಯ ಕಡೆಗೆ ಹೊರಳಿತು. ಒಬ್ಬ ತರುಣ ರೈತರು, "ಹೋದ ವರ್ಷ ಹುಡುಗರನ್ನ ಕರಕೊಂಡು ಬಂಡೀಪುರಕ್ಕ ಹೋಗಿದ್ವಿ ಸಾಹೇಬ್ರ. ಆನಿ ನೋಡಿದ್ವಿ, ಚಿಗರಿ ನೋಡಿದ್ವಿ. ಭಾಳ ಛಲೋ ಜಾಗಾ. ಅದನ್ನ ಯಾಕ ಬಂದ್ ಮಾಡಬೇಕಿತ್ತು?" ಎಂದರು. ಮೂಲೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರು, "ಬಂದ್ ಆದ್ರ ನಮಗೇನ ಆಗೂದೈತಿ? ನಮ್ಮ ಕಡೆ ಹುಲೀನೂ ಇಲ್ಲ, ಅಡವೀನೂ ಇಲ್ಲ" ಎಂದು ನಕ್ಕರು.

ಇಬ್ಬರ ಮಾತಿಗೂ ಅಂದು ನಾನು ಎರಡು ಮಾತಿನ ಉತ್ತರ ಕೊಟ್ಟು ಕಡಲೆಗೆ ಮರಳಿದೆ. ಆದರೆ ವಿಷಯ ಅಷ್ಟು ಚಿಕ್ಕದಲ್ಲ. ಅಡವಿ ಇಲ್ಲದ ನಮ್ಮ ಎರೆ ನಾಡಿನ ಒಕ್ಕಲಿಗನಿಗೂ ಇದರಲ್ಲಿ ಲಾಭವೂ ಇದೆ, ಎಚ್ಚರಿಕೆಯೂ ಇದೆ. ಆದುದರಿಂದ ಈ ವಾರ ಬೆಳೆಯ ಮಾತನ್ನು ಬದಿಗಿಟ್ಟು ಇದನ್ನೇ ವಿವರವಾಗಿ ಬರೆಯುತ್ತಿದ್ದೇನೆ.

ಸಫಾರಿ ಏಕೆ ನಿಂತಿತು?

2025ರಲ್ಲಿ ನಡೆದ ಸಂಗತಿಗಳನ್ನು ಸಾಲಾಗಿ ಇಟ್ಟು ನೋಡಿರಿ. ಜೂನ್ ತಿಂಗಳಲ್ಲಿ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ವನ್ಯಧಾಮದಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಸತ್ತುಬಿದ್ದವು. ಹುಲಿ ಕೊಂದ ಹಸುವಿನ ಮೈಗೆ ಸೇಡಿನಿಂದ ವಿಷ ಹಾಕಿದ್ದೇ ಕಾರಣವೆಂದು ತನಿಖೆಯಲ್ಲಿ ಹೊರಬಂದಿತು. ಸೆಪ್ಟೆಂಬರಿನಲ್ಲಿ ಗುಂಡ್ಲುಪೇಟೆ ತಾಲೂಕಿನ ಬೊಮ್ಮಲಾಪುರದ ಜನರು, ಹುಲಿ ಹಿಡಿಯಲು ತಡಮಾಡಿದರೆಂಬ ಸಿಟ್ಟಿಗೆ, ಹುಲಿಗೆಂದು ಇಟ್ಟಿದ್ದ ಬೋನಿನಲ್ಲಿ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಅಕ್ಟೋಬರ್ ಮತ್ತು ನವೆಂಬರಿನಲ್ಲಿ ಮೈಸೂರು ಜಿಲ್ಲೆಯ ಸರಗೂರು ತಾಲೂಕಿನಲ್ಲಿ ಹೊಲದ ಕೆಲಸಕ್ಕೆ, ದನ ಮೇಯಿಸಲು ಹೋದ ರೈತರು ಹುಲಿಯ ದಾಳಿಗೆ ತುತ್ತಾದರು. ಆಗ ಸರಕಾರವು ಎರಡೂ ಉದ್ಯಾನಗಳ ಸಫಾರಿ ನಿಲ್ಲಿಸಿ, ಆ ಸಿಬ್ಬಂದಿಯನ್ನು ಹುಲಿ ಹುಡುಕುವ ಕೆಲಸಕ್ಕೆ ಹಚ್ಚಿತು.

ಅಂಚಿನ ಹಳ್ಳಿಗಳ ಜನ ಬಹಳ ದಿನಗಳಿಂದ ಒಂದು ಮಾತು ಹೇಳುತ್ತ ಬಂದಿದ್ದರು. ಹಗಲೆಲ್ಲ ಗಾಡಿ ಓಡಾಡಿ ಪ್ರಾಣಿಗಳು ಬೆದರಿ ಹೊರಗೆ ಬರುತ್ತವೆ ಎಂಬುದು ಅವರ ದೂರು. ಕಾರಣ ಅದೊಂದೇ ಎನ್ನಲಾಗದು. ಹುಲಿಗಳ ಸಂಖ್ಯೆ ಹೆಚ್ಚಿದೆ; 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿದ್ದು, ದೇಶದಲ್ಲಿ ಮಧ್ಯಪ್ರದೇಶದ ನಂತರ ನಮ್ಮದೇ ಸ್ಥಾನ. ಕಾಡಿನೊಳಗೆ ಲಂಟಾನ ಕಳೆ ಹಬ್ಬಿ ಮೇವಿನ ಹುಲ್ಲು ಕಡಿಮೆಯಾಗಿದೆ. ಮರಿತನ ಕಳೆದ ಹುಲಿ ಹೊಸ ಜಾಗ ಹುಡುಕಿಕೊಂಡು ಹೊರಬೀಳುತ್ತದೆ. ಮುದಿಯಾದ ಹುಲಿಯನ್ನು ಪ್ರಾಯದ ಹುಲಿ ಹೊರಗೆ ಅಟ್ಟುತ್ತದೆ. ಆದರೆ ಸಫಾರಿಯ ಮೇಲಿನ ಸಿಟ್ಟನ್ನು ಬರೀ ತಪ್ಪು ತಿಳಿವಳಿಕೆ ಎಂದು ತಳ್ಳಿಹಾಕುವುದೂ ಸರಿಯಲ್ಲ. ಆ ಸಿಟ್ಟಿನ ಬೇರು ಬೇರೆ ಕಡೆ ಇದೆ.

ಎರಡು ದಿನ, ಎರಡು ಬಂಡೀಪುರ

ಕೆಲವು ವರ್ಷಗಳ ಹಿಂದೆ ನಮ್ಮ ಹೋಬಳಿಯ ರೈತರನ್ನು ಮೈಸೂರು ಸೀಮೆಗೆ ಅಧ್ಯಯನ ಪ್ರವಾಸ ಕರೆದೊಯ್ದಿದ್ದೆ. ಎಲ್ಲರ ಒತ್ತಾಯಕ್ಕೆ ಒಂದು ಬೆಳಿಗ್ಗೆ ಬಂಡೀಪುರದ ಸಫಾರಿ ಗಾಡಿ ಹತ್ತಿದೆವು. ಜಿಂಕೆ, ನವಿಲು, ಕಾಟಿ ಕಂಡವು. ಆನೆಯಾಗಲಿ ಹುಲಿಯಾಗಲಿ ಕಾಣಲಿಲ್ಲ. ಇಷ್ಟು ದೂರ ಬಂದು ರೊಕ್ಕ ಕೊಟ್ಟು ಆನೆ ಕಾಣಲಿಲ್ಲವೆಂದು ನಮ್ಮವರು ಪೇಚಾಡಿದರು.

ಮರುದಿನ ಕಾಡಿಗೆ ಹತ್ತಿದ ಒಂದು ಹಳ್ಳಿಯಲ್ಲಿ ಅರಿಸಿನ ಬೆಳೆ ನೋಡಲು ಹೋದೆವು. ಹೊಲದ ನಡುವೆ ಮರದ ಮೇಲೆ ಅಟ್ಟಣಿಗೆ. ಅದರ ಮೇಲೆ ಒಂದು ಕಂಬಳಿ, ಬ್ಯಾಟರಿ, ತಗಡಿನ ಡಬ್ಬಿ. ಬೆಳೆ ಬರುವ ಮೂರು ನಾಲ್ಕು ತಿಂಗಳು ರಾತ್ರಿ ಮನೆಯ ಗಂಡಸರು ಅದರ ಮೇಲೆಯೇ ಇರುತ್ತಾರೆ. ಹಿಂದಿನ ದಿನದ ನಮ್ಮ ಪೇಚಾಟ ಕೇಳಿ ಹೊಲದ ಯಜಮಾನರು ಹೇಳಿದರು: "ನೀವು ಆನೆ ಕಾಣ್ನಿಲ್ಲ ಅಂತ ಬೇಜಾರು ಮಾಡ್ಕತೀರಿ ಸ್ವಾಮಿ. ನಾವು ಇವತ್ತೊಂದು ರಾತ್ರಿ ಆನೆ ಬರದೇ ಇದ್ರೆ ಸಾಕಪ್ಪ ಅಂತ ದೇವರಿಗೆ ಕೈ ಮುಗೀತೀವಿ."

ನಮ್ಮವರು ಯಾರೂ ಮಾತಾಡಲಿಲ್ಲ. ಒಂದೇ ಕಾಡು, ಒಂದೇ ಆನೆ. ನೋಡಲು ಬಂದವನಿಗೆ ಅದು ಭಾಗ್ಯ, ಬೆಳೆ ಕಾಯುವವನಿಗೆ ಭಯ.

ಹಾಗೆಂದು ನೋಡುವವರು ದುಷ್ಟರಲ್ಲ, ಅಂಚಿನವರೆಲ್ಲ ಕಾಡಿನ ವೈರಿಗಳೂ ಅಲ್ಲ. ಅಂಚಿನವರಲ್ಲಿ ಹೊಲದವನಿದ್ದಾನೆ, ದನ ಮೇಯಿಸುವವನಿದ್ದಾನೆ, ಸಫಾರಿ ಗಾಡಿ ನಡೆಸುವವನಿದ್ದಾನೆ, ವಸತಿಗೃಹದಲ್ಲಿ ಅಡಿಗೆ ಮಾಡುವ ಹೆಣ್ಣುಮಗಳಿದ್ದಾಳೆ. ಸಫಾರಿ ನಿಂತಾಗ ಹೊಲದವನಿಗೆ ಸಮಾಧಾನ, ಚಾಲಕನ ಮನೆಯಲ್ಲಿ ಚಿಂತೆ. ನೋಡುವವರಲ್ಲಿಯೂ ಒಂದೇ ಮಾತಿಲ್ಲ. ಬಂಡೀಪುರದ ನಡುವಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ವರೆಗೆ ವಾಹನ ಸಂಚಾರಕ್ಕೆ ತಡೆ ಬಂದಾಗ, ಗಾಡಿಗೆ ಸಿಕ್ಕು ಸಾಯುತ್ತಿದ್ದ ಪ್ರಾಣಿಗಳಿಗಾಗಿ ಅದು ಬೇಕೆಂದು ಹಟ ಹಿಡಿದವರಲ್ಲಿ ಪೇಟೆಯವರು ಬಹಳ ಮಂದಿ. ಕೇರಳದ ವ್ಯಾಪಾರಿಗಳು ಅದನ್ನು ತೆಗೆಯಿರೆಂದು ವಾದಿಸಿದರು. ಒಬ್ಬೊಬ್ಬರ ಅಭಿಪ್ರಾಯ ಅವರವರ ಬುತ್ತಿಯನ್ನು ನೋಡಿಕೊಂಡು ಹುಟ್ಟುತ್ತದೆ.

ಒಳಗಿದ್ದವರ ಕಥೆ

ಅಂಚಿನವರಿಗಿಂತಲೂ ಹೆಚ್ಚು ಕಳೆದುಕೊಂಡವರು ಒಳಗೇ ಇದ್ದ ಆದಿವಾಸಿಗಳು. ನಾಗರಹೊಳೆಯ ಜೇನುಕುರುಬರನ್ನು ಕಾಡಿನಿಂದ ಹೊರಗೆ ತರುವ ಕೆಲಸ ದಶಕಗಳಿಂದ ನಡೆದಿದೆ. ಅದೇ ಕಾಡಿನೊಳಗೆ ಒಂದು ದೊಡ್ಡ ಹೋಟೆಲಿಗೆ ಜಾಗ ಗುತ್ತಿಗೆ ಕೊಟ್ಟಾಗ ಅವರು ಹೋರಾಟಕ್ಕಿಳಿದರು. 1997ರಲ್ಲಿ ಕರ್ನಾಟಕ ಹೈಕೋರ್ಟು ಆ ಗುತ್ತಿಗೆ ಕಾನೂನಿಗೆ ವಿರುದ್ಧವೆಂದು ತೀರ್ಪು ಕೊಟ್ಟಿತು. 2025ರ ಮೇ ತಿಂಗಳಲ್ಲಿ ಕೆಲವು ಜೇನುಕುರುಬ ಕುಟುಂಬಗಳು, 2006ರ ಅರಣ್ಯ ಹಕ್ಕು ಕಾಯಿದೆಯ ಆಧಾರ ಹೇಳಿ, ತಮ್ಮ ಹಳೆಯ ಹಾಡಿಗೆ ಮರಳಿ ಹೋಗಿ ಗುಡಿಸಲು ಕಟ್ಟಿದವು. "ನಾವು ಇದ್ದರೆ ಕಾಡಿಗೆ ಕೇಡು, ಹೋಟೆಲು ಇದ್ದರೆ ಕೇಡಲ್ಲವೇ?" ಎಂಬುದು ಅವರ ಪ್ರಶ್ನೆ. ಇದಕ್ಕೆ ಉತ್ತರ ಕೊಡುವುದು ಯಾವ ಅಧಿಕಾರಿಗೂ ಸುಲಭವಲ್ಲ.

ನಮಗೂ ಇದಕ್ಕೂ ಏನು ಸಂಬಂಧ?

ಈಗ ಮೂಲೆಯಲ್ಲಿ ಕುಳಿತ ಹಿರಿಯರ ಮಾತಿಗೆ ಬರೋಣ. ಕರ್ನಾಟಕದಲ್ಲಿ ರಾಷ್ಟ್ರೀಯ ಉದ್ಯಾನಗಳು ಐದು: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ. ವಿಜಯಪುರ, ಬಾಗಲಕೋಟೆ, ಕಲಬುರ್ಗಿ ಕಡೆಗೆ ಒಂದೂ ಇಲ್ಲ. ಮಾತು ನಿಜ. ಆದರೆ ನಮ್ಮ ಹೊಲಕ್ಕೆ ಬರುವ ನೀರು ಎಲ್ಲಿಯದು?

ಮುಳವಾಡ ಏತ ನೀರಾವರಿಯ ಕಾಲುವೆಗೆ ಬರುವುದು ಆಲಮಟ್ಟಿಯ ಹಿನ್ನೀರು. ಆಲಮಟ್ಟಿಗೆ ಬರುವುದು ಕೃಷ್ಣೆ. ಕೃಷ್ಣೆಯನ್ನು ಕೂಡುವ ಕೊಯ್ನಾ ಮತ್ತು ವಾರಣಾ ನದಿಗಳ ಮೇಲ್ದಂಡೆಯಲ್ಲಿ, ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ, ಕೊಯ್ನಾ ವನ್ಯಧಾಮ ಮತ್ತು ಚಾಂದೋಲಿ ರಾಷ್ಟ್ರೀಯ ಉದ್ಯಾನ ಇವೆ. ಚಾಂದೋಲಿ 2004ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2010ರಲ್ಲಿ ಎರಡೂ ಸೇರಿ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶವಾದವು. ಆ ಗುಡ್ಡಗಳ ಮೇಲೆ ಮರವಿದ್ದರೆ ಮಳೆಯ ನೀರು ಒಮ್ಮೆಲೇ ಕೊಚ್ಚಿಹೋಗದೆ ಮಣ್ಣಿನಲ್ಲಿ ಇಂಗಿ ನಿಧಾನವಾಗಿ ಇಳಿಯುತ್ತದೆ, ಹೂಳೂ ಕಡಿಮೆ. ಮರ ಹೋದರೆ ಆ ಹೂಳು ಬಂದು ಸೇರುವುದು ಅಣೆಕಟ್ಟುಗಳ ಒಡಲಿಗೆ.

ಆ ಕಾಡಿಗಾಗಿ ಚಾಂದೋಲಿಯ ಹಳ್ಳಿಗಳ ಜನ ಊರು ಬಿಟ್ಟು ಬಂದರು. ಬದಲಿ ಜಮೀನಿಗಾಗಿ ವರ್ಷಗಟ್ಟಲೆ ಹೋರಾಡಿದರು. ಆಲಮಟ್ಟಿಗಾಗಿ ಹೊಲಮನೆ ಮುಳುಗಿದವರು ನಮ್ಮ ನಿಮ್ಮ ಬೀಗರೇ ಇದ್ದಾರೆ. ಊರು ಬಿಡುವ ಸಂಕಟ ಏನೆಂದು ಅವರನ್ನು ಕೇಳಿದರೆ ತಿಳಿಯುತ್ತದೆ. ಆದ್ದರಿಂದ ಕಾಡು ಬೇಡ ಎನ್ನುವ ಮಾತು ನಮ್ಮ ಬಾಯಲ್ಲಿ ಬರಬಾರದು. ಕಾಡಿಗಾಗಿ ಕಳೆದುಕೊಂಡವರಿಗೆ ಸಿಗಬೇಕಾದದ್ದು ಸಿಗಲಿ ಎನ್ನುವ ಮಾತೂ ನಮ್ಮ ಬಾಯಲ್ಲಿ ಬರಬೇಕು.

ಸೊಲ್ಲಾಪುರದ ಪಾಠ

ಎರೆ ನಾಡಿನವರು ಬಂಡೀಪುರಕ್ಕಿಂತ ಮೊದಲು ನೋಡಬೇಕಾದದ್ದು ಸೊಲ್ಲಾಪುರದ ನಾನ್ನಜ. ನಮ್ಮ ಗಡಿಯಾಚೆ, ಕನ್ನಡ ಮಾತಾಡುವವರು ಬಹಳ ಮಂದಿ ಇರುವ ಜಿಲ್ಲೆ. ಅಲ್ಲಿ ಕಾಡಿಲ್ಲ, ನಮ್ಮಂತೆಯೇ ಜೋಳ, ತೊಗರಿ, ಬಯಲು ಹುಲ್ಲು. ಆ ಬಯಲಿನಲ್ಲಿ ಮಾಳಢೋಕ ಎಂಬ ದೊಡ್ಡ ಹಕ್ಕಿ ಇತ್ತು. ಕನ್ನಡದಲ್ಲಿ ಕೆಲವು ಕಡೆ ಎರೆಭೂತ ಎನ್ನುತ್ತಾರೆ. ಮಿಡತೆ, ಹುಳ ಆರಿಸಿ ತಿನ್ನುವ ಹಕ್ಕಿ. ಒಕ್ಕಲಿಗನಿಗೆ ಕೇಡು ಮಾಡುವುದಲ್ಲ.

ಅದನ್ನು ಉಳಿಸಲು 1979ರಲ್ಲಿ ವನ್ಯಧಾಮ ಸಾರಿದರು. ಎಷ್ಟು ವಿಸ್ತಾರ? 8,496 ಚದರ ಕಿಲೋಮೀಟರ್. ನಮ್ಮ ಇಡೀ ವಿಜಯಪುರ ಜಿಲ್ಲೆಯೇ ಸುಮಾರು 10,500 ಚದರ ಕಿಲೋಮೀಟರ್ ಎಂಬುದನ್ನು ನೆನೆಯಿರಿ. ಗೆರೆಯೊಳಗೆ ಊರುಗಳು, ಪೇಟೆಗಳು, ಸಾವಿರಾರು ಜನರ ಸ್ವಂತ ಹೊಲಗಳು ಬಂದವು. ಹೊಲ ಕೊಳ್ಳುವುದಕ್ಕೂ ಮಾರುವುದಕ್ಕೂ ತೊಡಕಾಯಿತು. ಮಗಳ ಮದುವೆಗೆಂದು ಒಂದೆಕರೆ ಮಾರಹೋದವನಿಗೆ ಹಕ್ಕಿಯ ಹೆಸರು ಅಡ್ಡ ಬಂತು. ಹೊಲದಲ್ಲಿ ಹಕ್ಕಿ ಕಂಡರೆ ಸಂತೋಷಪಡುತ್ತಿದ್ದ ಜನ, ಇದರ ದೆಸೆಯಿಂದ ನಮಗೆ ಕಷ್ಟ ಎನ್ನತೊಡಗಿದರು. ಕೊನೆಗೆ 2012ರಲ್ಲಿ ಸುಪ್ರೀಂ ಕೋರ್ಟಿನ ಒಪ್ಪಿಗೆಯಿಂದ ವನ್ಯಧಾಮವನ್ನು ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಸಿದರು. ಅಷ್ಟರಲ್ಲಿ ಹಕ್ಕಿ ಬೆರಳೆಣಿಕೆಗೆ ಬಂದಿತ್ತು. ಹುಲ್ಲುಗಾವಲು ಕಬ್ಬಿನ ಗದ್ದೆಯಾದದ್ದು, ವಿದ್ಯುತ್ ತಂತಿಗಳು ಬಂದದ್ದು ಇವೂ ಕಾರಣ. ಆದರೆ ಹಕ್ಕಿಗೆ ನಿಜವಾದ ಕಾವಲುಗಾರನಾಗಬಹುದಿದ್ದ ಒಕ್ಕಲಿಗನನ್ನು ಗೆರೆ ಎಳೆಯುವಾಗ ಕೇಳಲಿಲ್ಲ. ಆ ಹಕ್ಕಿಯನ್ನು ಅವನು ದ್ವೇಷಿಸಿದ್ದು ಹಕ್ಕಿಯ ತಪ್ಪಿನಿಂದಲ್ಲ, ಗೆರೆಯ ತಪ್ಪಿನಿಂದ.

ಹೀಗೂ ಮಾಡಬಹುದು

ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೆಯೇ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ತವರಿಗೆ ಬಂದ ಮಗಳೆಂದು ಜನ ಅವನ್ನು ಕಾಣುತ್ತಾರೆ. ಮರದಡಿ ಬೀಳುವ ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರ. ಹಕ್ಕಿಗಾಗಿ ಹುಣಸೆಹಣ್ಣು ಬಿಟ್ಟುಕೊಟ್ಟ ಮರದ ಒಡೆಯರಿಗೆ ಇಷ್ಟೆಂದು ಹಣ ಕೊಡುವ ಪದ್ಧತಿಯೂ ಬಂದಿತು. 2007ರಲ್ಲಿ ಅದನ್ನು ಸಮುದಾಯ ಮೀಸಲು ಎಂದು ಸಾರಲಾಯಿತು. ಊರಿನವರನ್ನು ಹೊರಗಟ್ಟದೆ, ಊರಿನವರ ಒಪ್ಪಿಗೆಯಿಂದಲೇ ಆಗುವ ಮೀಸಲು ಅದು. ನಮಗೆ ಹತ್ತಿರದ ಗದಗ ಜಿಲ್ಲೆಯಲ್ಲಿ ಮಾಗಡಿ ಕೆರೆ ಇದೆ. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯ್ದು ಕೆರೆಗೆ ಮರಳುತ್ತವೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಯಾದಿಗೆ ಸೇರಿತು.

ನೆರೆಯ ನೇಪಾಳದ್ದು ಇನ್ನೊಂದು ಮಾದರಿ. ಬಂಡೀಪುರದಲ್ಲಿ ಹುಲಿ ಯೋಜನೆ ಆರಂಭವಾದ 1973ರಲ್ಲಿಯೇ ಅಲ್ಲಿ ಚಿತ್ವನ ರಾಷ್ಟ್ರೀಯ ಉದ್ಯಾನ ಹುಟ್ಟಿತು. ಅಲ್ಲಿಯೂ ಹುಲಿ, ಖಡ್ಗಮೃಗಗಳಿಂದ ಬೆಳೆ ಮತ್ತು ಜೀವ ಹಾನಿ ಇತ್ತು, ಈಗಲೂ ಇದೆ. ಆದರೆ 1990ರ ದಶಕದಲ್ಲಿ ಅವರು ಒಂದು ಕಾನೂನು ಮಾಡಿದರು: ಉದ್ಯಾನದ ಹುಟ್ಟುವಳಿಯಲ್ಲಿ ನೂರಕ್ಕೆ 30ರಿಂದ 50ರಷ್ಟು ಅಂಚಿನ ಹಳ್ಳಿಗಳ ಅಭಿವೃದ್ಧಿಗೆ ಹೋಗಬೇಕು. ನೋಡಲು ಬಂದವನು ಕೊಟ್ಟ ರೊಕ್ಕದಲ್ಲಿ ಕಾದವನಿಗೂ ಪಾಲು. ಪೂರ್ತಿ ನ್ಯಾಯ ಇದರಿಂದ ಆಗದಿದ್ದರೂ ಪಾಲುದಾರನಾದವನು ವಿಷ ಹಾಕುವ ಮುಂಚೆ ಎರಡು ಸಲ ಯೋಚಿಸುತ್ತಾನೆ.

ಕೊಲ್ಹಾರದ ಸೇತುವೆಯಾಚೆ

ಕೊಲ್ಹಾರದಲ್ಲಿ ಕೃಷ್ಣೆಯ ಸೇತುವೆ ದಾಟಿದರೆ ಬೀಳಗಿ ತಾಲೂಕು. ಬೀಳಗಿ ಮತ್ತು ಮುಧೋಳ ತಾಲೂಕುಗಳ ಕುರುಚಲು ಗುಡ್ಡಗಳಲ್ಲಿ 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಧಾಮ ಆಯಿತು. ವಿಸ್ತಾರ ಸುಮಾರು 96 ಚದರ ಕಿಲೋಮೀಟರ್. ಚಿಂಕಾರ ಎಂದರೆ ಚಿಗರಿಯ ಜಾತಿಯ, ಸಣ್ಣ ಮೈಯ, ಒಣ ನಾಡಿನ ಪ್ರಾಣಿ. ಇದು ನಮ್ಮ ಮನೆಬಾಗಿಲಿನ ವನ್ಯಧಾಮ. ಹುಲಿ ಇಲ್ಲದಿದ್ದರೂ ವನ್ಯಪ್ರಾಣಿಯ ಪ್ರಶ್ನೆ ನಮ್ಮ ಕಡೆಗೂ ಬಂದಿದೆ. ರಾಣೆಬೆನ್ನೂರಿನಲ್ಲಿ 1974ರಿಂದ ಕೃಷ್ಣಮೃಗದ ವನ್ಯಧಾಮವಿದ್ದು, ಸುತ್ತಲಿನ ಒಕ್ಕಲಿಗರು ಎಳೆಯ ಬೆಳೆ ಚಿಗರಿಯ ಬಾಯಿಗೆ ಹೋಗುವುದನ್ನು ಬಲ್ಲರು.

ಇಲ್ಲಿ ಕಾನೂನಿನ ಒಂದು ಭೇದ ತಿಳಿದಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ರಾಷ್ಟ್ರೀಯ ಉದ್ಯಾನದಲ್ಲಿ ದನಕರು ಮೇಯಿಸುವಂತಿಲ್ಲ, ಖಾಸಗಿ ಹಕ್ಕುಗಳೂ ಉಳಿಯುವುದಿಲ್ಲ. ವನ್ಯಧಾಮದಲ್ಲಿ ಕೆಲವು ಹಕ್ಕುಗಳನ್ನು ಮುಂದುವರಿಸಲು ಅವಕಾಶವಿದೆ. ಸಮುದಾಯ ಮೀಸಲಿಗೆ ಜನರ ಒಪ್ಪಿಗೆ ಬೇಕೇ ಬೇಕು. ಗಾಯರಾಣದಲ್ಲಿ ಕುರಿ ಮೇಯಿಸುವವನಿಗೆ ಈ ಮೂರರ ನಡುವಿನ ಅಂತರ ಹೊಟ್ಟೆಯ ಪ್ರಶ್ನೆ.

ಒಕ್ಕಲಿಗರು ಮಾಡಬೇಕಾದದ್ದು

1. ನಿಮ್ಮ ಸೀಮೆಯಲ್ಲಿ ವನ್ಯಧಾಮ ಅಥವಾ ಉದ್ಯಾನ ಮಾಡುವ ಪ್ರಕಟಣೆ ಬಂದರೆ ಸುಮ್ಮನಿರಬೇಡಿರಿ. ಜಿಲ್ಲಾಧಿಕಾರಿಗಳು ಪ್ರಕಟಣೆ ಹೊರಡಿಸಿದ 2 ತಿಂಗಳೊಳಗೆ ಹೊಲ, ದಾರಿ, ನೀರು, ಮೇವಿನ ಹಕ್ಕನ್ನು ಬರಹದಲ್ಲಿ ಮಂಡಿಸಬೇಕು. ಉತಾರ, ಹಳೆಯ ಕಾಗದಪತ್ರ ಈಗಲೇ ಸರಿಮಾಡಿಟ್ಟುಕೊಳ್ಳಿರಿ. ಗ್ರಾಮಸಭೆಯಲ್ಲಿ ಠರಾವು ಮಾಡಿ ಕಳಿಸಿರಿ.

2. ಬೆಳೆ ಹಾನಿಯಾದರೆ ಕೂಡಲೇ ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿರಿ. ಹೆಜ್ಜೆ ಗುರುತು, ಮೇಯ್ದ ಸಾಲು ಅಳಿಯುವ ಮುನ್ನ ಫೋಟೊ ತೆಗೆದು, ಪಂಚನಾಮೆ ಆಗುವ ವರೆಗೆ ಹೊಲ ಹರಗಬೇಡಿರಿ. ಅರ್ಜಿಯ ಒಂದು ಪ್ರತಿಗೆ ಸ್ವೀಕೃತಿ ಪಡೆಯಿರಿ. ಪರಿಹಾರದ ದರಗಳು ಕಾಲಕಾಲಕ್ಕೆ ಬದಲಾಗುತ್ತವೆ. ಜೀವಹಾನಿಯ ಪರಿಹಾರವನ್ನು 2022ರ ಕೊನೆಗೆ 7.5 ಲಕ್ಷದಿಂದ 15 ಲಕ್ಷ ರೂಪಾಯಿಗೆ ಏರಿಸಿದ್ದರು. ಅರ್ಜಿ ಕೊಡುವಾಗ ಅಂದಿನ ದರ ಕೇಳಿ ತಿಳಿಯಿರಿ.

3. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ವನ್ಯಪ್ರಾಣಿಗಳಿಂದಾಗುವ ಹಾನಿಯನ್ನೂ 2026ರ ಮುಂಗಾರಿಯಿಂದ ಸೇರಿಸುವುದಾಗಿ ಕೇಂದ್ರ ಕೃಷಿ ಮಂತ್ರಾಲಯವು 2025ರ ನವೆಂಬರ್ 18ರಂದು ಪ್ರಕಟಿಸಿತು. ಯಾವ ಪ್ರಾಣಿ, ಯಾವ ಜಿಲ್ಲೆ ಎಂಬುದನ್ನು ರಾಜ್ಯ ಸರಕಾರ ಗೊತ್ತುಪಡಿಸಬೇಕು. ಹಾನಿಯಾದ 72 ಗಂಟೆಯೊಳಗೆ ಮೊಬೈಲಿನ ಬೆಳೆ ವಿಮಾ ಆ್ಯಪ್‌ನಲ್ಲಿ ಫೋಟೊ ಸಹಿತ ತಿಳಿಸಬೇಕು. ವಿಮೆ ತುಂಬುವ ಮೊದಲು ನಮ್ಮ ಜಿಲ್ಲೆ ಯಾದಿಯಲ್ಲಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.

4. ವಿಷ ಇಡುವುದು, ಬೇಲಿಗೆ ನೇರವಾಗಿ ಕರೆಂಟು ಕೊಡುವುದು ಸರ್ವಥಾ ಬೇಡ. ಅದು ಅಪರಾಧ. ಮೇಲಾಗಿ ಆ ತಂತಿಗೆ ಮೊದಲು ಸಿಕ್ಕುವುದು ನೀರು ಬಿಡಲು ಹೋದ ನಿಮ್ಮ ಮಗನೇ ಇರಬಹುದು. ಬೇಕಿದ್ದರೆ ಕ್ಷಣಕಾಲ ಮಾತ್ರ ಹೊಡೆತ ಕೊಡುವ, ಮಂಜೂರಾದ ಸೌರ ಬೇಲಿ ಹಾಕಿಸಿರಿ. ನಾಲ್ಕಾರು ಹೊಲದವರು ಕೂಡಿ ಹಾಕಿದರೆ ಖರ್ಚು ಇಳಿಯುತ್ತದೆ.

5. ನಾವೇ ನೋಡಲು ಹೋದಾಗ, ಪ್ರಾಣಿಯ ಹತ್ತಿರ ಗಾಡಿ ಒಯ್ಯಲು ಚಾಲಕನನ್ನು ಪೀಡಿಸಬಾರದು, ಪ್ಲಾಸ್ಟಿಕ್ ಎಸೆಯಬಾರದು. ಊಟ, ವಸತಿ, ಬಾಳೆಹಣ್ಣು ಅಂಚಿನ ಹಳ್ಳಿಯವರಿಂದ ಕೊಳ್ಳಿರಿ. ನಮ್ಮ ಹತ್ತು ರೂಪಾಯಿ ಅಟ್ಟಣಿಗೆಯ ಮೇಲೆ ಕುಳಿತವನ ಮನೆಗೂ ಮುಟ್ಟಲಿ.

ಮನಗೂಳಿಯ ಆ ಇಬ್ಬರಿಗೂ ನನ್ನ ಉತ್ತರ ಇಷ್ಟು. ಸಫಾರಿ ಇರಲಿ, ನಿಲ್ಲಲಿ, ಕಾಡಿನ ಖರ್ಚನ್ನು ಅಂಚಿನವನೊಬ್ಬನ ತಲೆಗೇ ಹೊರಿಸಿದರೆ ಕಾಡು ಬಹುಕಾಲ ಉಳಿಯಲಾರದು. ಕೃಷ್ಣೆಯ ನೀರು ಕುಡಿಯುವ ನಾವೂ ಆ ಖರ್ಚಿನ ಪಾಲುದಾರರು. ಯಡಹಳ್ಳಿಯ ಸುತ್ತಿನ ಬಾಂಧವರ ಅನುಭವವೇನು, ಚಿಗರಿ ಮತ್ತು ಕಾಡುಹಂದಿಯ ಕಾಟ ನಿಮ್ಮಲ್ಲಿ ಎಷ್ಟಿದೆ ಎಂಬುದನ್ನು ಸರ್ವೆ ನಂಬರ್, ಬೆಳೆ, ತಿಂಗಳು ಸಹಿತ ಬರೆದು ವಾಚನಾಲಯದ ವಹಿಯಲ್ಲಿ ದಾಖಲಿಸಿರಿ. ನಾಳೆ ಯಾರಾದರೂ ಗೆರೆ ಎಳೆಯಲು ಬಂದಾಗ ಆ ವಹಿಯನ್ನು ಅವರ ಮುಂದೆ ಇಡಲು ಬರುತ್ತದೆ. ಮುಂದಿನ ವಾರ ಕಡಲೆಯ ಕಾಯಿಕೊರಕಕ್ಕೆ ಮೋಹಕ ಬಲೆ ಕಟ್ಟುವ ಬಗೆಯನ್ನು ನೋಡೋಣ.